ತೂಕದ ಹೊತ್ತಿಗೆಯಿಂದ ಕತ್ತರಿಸಿದ ಹಾಳೆ

ಏಳನೇ ಏಳುವಿಕೆ ಕಳೆದ ಎರಡನೆಯ ವರ್ಷ, ಒಣಗಾಲದ ತೊಂಬತ್ತೊಂದನೆಯ ದಿನ.
ನಿಮ್ಮ ಪಂಚಾಂಗದಲ್ಲಿ ಇದು ಕ್ರಿಸ್ತಶಕ 2209 ಅಂತೆ. ತಿಂಗಳು ಯಾವುದೋ ಇಲ್ಲಿ ಯಾರಿಗೂ ಗೊತ್ತಿಲ್ಲ.

ಮುತ್ತಜ್ಜಿ ವೈಜಯಂತಿಯವರಿಗೆ, ಕೆಂಗುಡ್ಡದ ಬೀಡಿನಿಂದ ಸಾವಂತ್ರೆವ್ವ ಬರೆಯುವುದು.

ನಮ್ಮ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಅನೇಕ ಮಾತುಗಳು ನಮ್ಮ ಬಾಯಲ್ಲಿ ಸವೆದುಹೋಗಿವೆ, ನಮ್ಮ ಎಷ್ಟೋ ಮಾತುಗಳು ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ. ನಿಮ್ಮ ಕೈಬರಹವನ್ನೇ ಎದುರಿಗಿಟ್ಟುಕೊಂಡು, ಅದನ್ನು ನೋಡಿ ನೋಡಿ ಬರೆಯುತ್ತಿದ್ದೇನೆ. ನಾನು ಕ್ಷಮೆ ಕೇಳುವುದು ಇದೊಂದಕ್ಕೇ. ಉಳಿದ ಕ್ಷಮೆಗಳೆಲ್ಲ ನಿಮ್ಮ ಕಡೆಯಿಂದ ಬರಬೇಕಾದವು. ಬರಲಾರವು ಎಂಬುದೂ ಗೊತ್ತಿದೆ, ಆದರೂ ಹೇಳದೆ ಬಿಟ್ಟರೆ ನನಗೆ ಊಟ ಇಳಿಯುವುದಿಲ್ಲ.

ಮುತ್ತಜ್ಜಿ ಎಂದು ಕರೆದದ್ದಕ್ಕೆ ಮುಖ ಗಂಟು ಹಾಕಿಕೊಳ್ಳಬೇಡಿ. ಈ ಕಾಗದ ನಿಮ್ಮ ಕೈಗೆ ಬರುವ ಹೊತ್ತಿಗೆ ನಿಮಗೆ ಮೂವತ್ತೆಂಟು, ನನಗೆ ನಲವತ್ತಮೂರು. ವಯಸ್ಸಿನಲ್ಲಿ ನೀವು ನನಗೆ ತಂಗಿಯಾಗಬೇಕು. ಆದರೆ ಏಳು ತಲೆಮಾರಿನ ಹಿಂದಿನವರನ್ನು ಬೇರೆ ಏನೆಂದು ಕರೆಯಲಿ? ಕಾಗದ ಬರುತ್ತಿರುವುದು ಹಿನ್ನಡೆ ಟಪಾಲಿನಲ್ಲಿ. ಅದು ಹೇಗೆ ಹಿಂದಕ್ಕೆ ಹೋಗುತ್ತದೆಂದು ನನ್ನನ್ನು ಕೇಳಬೇಡಿ, ಇಲ್ಲಿನ ಕಚೇರಿಯವರಿಗೂ ಪೂರ್ತಿ ತಿಳಿದಂತೆ ಕಾಣಲಿಲ್ಲ. ಜನ್ಮಕ್ಕೆ ಒಂದೇ ಕಾಗದ, ಹನ್ನೆರಡು ಗ್ರಾಂ ಮೀರಬಾರದು, ತಲುಪಬೇಕಾದ ವರ್ಷವನ್ನು ಮೇಲೆ ಬರೆಯಿರಿ ಎಂದರು. ನೀವು ತೂಕದ ಹೊತ್ತಿಗೆಯನ್ನು ಬರೆದು ಮುಗಿಸಿದ, ಆದರೆ ಹೊಳೆ ಇನ್ನೂ ನಿಮ್ಮ ಮನೆಯೊಳಕ್ಕೆ ಬಾರದ ವರ್ಷವನ್ನು ನೋಡಿ ಬರೆದಿದ್ದೇನೆ.

ಹೌದು, ಹೊಳೆ ಬರುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಾವು ಯಾರೆಂದು ತಿಳಿದುಕೊಳ್ಳಿ.

ನಮ್ಮ ಊರು ಕರಿಹೊಳೆ. ನಿಮ್ಮ ಮೊಮ್ಮಗ ನಿಮ್ಮ ಕಬ್ಬಿಣದ ಟ್ರಂಕನ್ನು ಹೊತ್ತುಕೊಂಡು ಬಂದು ನೆಲೆ ನಿಂತ ಊರು ಅದು. ಹೊಳೆಯ ದಂಡೆಯಲ್ಲಿದೆ, ಇತ್ತು ಎನ್ನಬೇಕು. ಮೇಲೆ ಒಂದು ಹಳೆಯ ಕಟ್ಟೆ. ನಿಮ್ಮ ಕಾಲದವರು ಅದನ್ನು ಅಣೆಕಟ್ಟು ಎನ್ನುತ್ತಿದ್ದರಂತೆ. ಹತ್ತು ಹದಿನೈದು ವರ್ಷಕ್ಕೊಮ್ಮೆ ಅದಕ್ಕೆ ನೀರು ಹೆಚ್ಚಾಗಿ ಕಟ್ಟೆಯ ಕೊಂಬು ಕೂಗುತ್ತದೆ. ಕೂಗಿದ ಒಂದು ಗಂಟೆಯೊಳಗೆ ಊರಿಗೆ ಊರೇ ಎದ್ದು, ಮೂರು ದಿನ ನಡೆದು, ಈ ಕೆಂಪು ಕಲ್ಲಿನ ಗುಡ್ಡಕ್ಕೆ ಬರಬೇಕು. ಇದನ್ನೇ ನಾವು ಏಳುವಿಕೆ ಎನ್ನುವುದು. ಗಾಡಿ ಹೋಗುವ ದಾರಿಯಿಲ್ಲ. ಹಳ್ಳಗಳ ಸೇತುವೆ ಬಿದ್ದು ಎಷ್ಟೋ ಕಾಲವಾಯಿತು, ಕರಿಮಣ್ಣು ಒಮ್ಮೆ ನೆನೆದರೆ ಎತ್ತಿನ ಕಾಲು ಕೂಡ ಹೂತುಹೋಗುತ್ತದೆ. ಮನುಷ್ಯ ನಡೆಯಬಹುದು, ಬೆನ್ನ ಮೇಲಿನ ಗಂಟು ಹಗುರವಿದ್ದರೆ ಮಾತ್ರ. ಆ ಹಗುರ ಗಂಟನ್ನು ನಮಗೆ ಕಲಿಸಿದವರು ನೀವು.

ನಿಮಗೆ ಇದು ತಮಾಷೆಯಾಗಿ ಕಾಣಬಹುದು. ಭಾನುವಾರ ಘಟ್ಟ ಸುತ್ತಲು ನೀವು ಕೊಂಡ ಸಾಮಾನು ಒಂದು ಊರಿನ ಕಾನೂನಾಗುತ್ತದೆ ಎಂದು ನೀವು ಕನಸಿನಲ್ಲೂ ಎಣಿಸಿರಲಾರಿರಿ. ಟ್ರಂಕಿನಲ್ಲಿ ಇದ್ದವು ಒಂದು ಬೆನ್ನುಚೀಲ, ಮುಷ್ಟಿಯಲ್ಲಿ ಹಿಡಿಯುವಷ್ಟಕ್ಕೆ ಮಡಚುವ ಮೇಲುಬಟ್ಟೆ, ಅದನ್ನು ಬಿಡಾರವಾಗಿ ನಿಲ್ಲಿಸಲು ಎರಡು ನಡೆಕೋಲು, ಕೊಳೆನೀರನ್ನು ಕುಡಿಯುವ ನೀರು ಮಾಡುವ ಸೋಸುನಳಿಗೆ, ಒಂದು ಟೈಟೇನಿಯಂ ಪಾತ್ರೆ, ಒಂದು ಸೀಟಿ. ಜೊತೆಗೆ ನೀವು ಕೈಯಾರೆ ಬರೆದು, ಹೊಲಿದು, ಬಟ್ಟೆಯ ರಟ್ಟು ಹಾಕಿದ ನೋಟ್‌ಬುಕ್ಕು. ನಾವು ತೂಕದ ಹೊತ್ತಿಗೆ ಎನ್ನುವುದು ಅದನ್ನೇ. ಒಂದೊಂದು ವಸ್ತುವಿನ ಮುಂದೆಯೂ ಗ್ರಾಂ ಲೆಕ್ಕ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಕತ್ತರಿಸಿ ಐದು ಗ್ರಾಂ ಉಳಿಸಿದ್ದನ್ನು ನೀವು ಎರಡು ಪುಟ ಬರೆದಿದ್ದೀರಿ. ಅಂಗಿಯ ಕೊರಳಪಟ್ಟಿಯಲ್ಲಿರುವ ಚೀಟಿ ಹರಿದು ತೆಗೆದ ಸಂಭ್ರಮಕ್ಕೆ ಒಂದು ಪುಟ. ಕೊನೆಗೆ, ನಲವತ್ತನೆಯ ಹಾಳೆಯಲ್ಲಿ, ಇದೇ ಸಾಮಾನನ್ನು ನೆರೆ ಬಂದಾಗ ನಡೆದು ಪಾರಾಗಲು ಹೇಗೆ ಬಳಸಬೇಕು ಎಂದು ಬರೆದಿದ್ದೀರಿ. ನಮಗೆ ಬೇಕಾದದ್ದು ಆ ಹಾಳೆ. ಅದನ್ನು ನಾವು ತಲೆಯ ಮೇಲೆ ಹೊತ್ತುಕೊಂಡೆವು. ನಿಮ್ಮ ಸಾಮಾನನ್ನೇ ಮಾದರಿ ಇಟ್ಟುಕೊಂಡು ಮನೆಮನೆಗೂ ಅಂಥದೇ ಮಾಡಿಕೊಂಡೆವು, ಸಾಮಾನು ತುಂಬಿದ ಆ ಬೆನ್ನುಚೀಲವೇ ನಮ್ಮ ಗಂಟು.

ಪ್ರತಿ ಅಮಾವಾಸ್ಯೆಗೆ ನಮ್ಮಲ್ಲಿ ತೂಕದ ದಿನ. ಚಾವಡಿಯ ತೊಲೆಗೆ ಕೊಕ್ಕೆತಕ್ಕಡಿ ತೂಗುಹಾಕಿ, ಮನೆಮನೆಯವರು ಸ್ನಾನ ಮಾಡಿ, ಗಂಟು ತಂದು ತೂಗಿಸಬೇಕು. ಮೈತೂಕದ ಎಂಟರಲ್ಲೊಂದು ಪಾಲಿಗಿಂತ ಗಂಟು ಹೆಚ್ಚಿರಕೂಡದು. ಹೆಚ್ಚಿದ್ದರೆ ಎಲ್ಲರ ಎದುರು ಬಿಚ್ಚಿ, ಏನನ್ನಾದರೂ ತೆಗೆದಿಟ್ಟೇ ಹೋಗಬೇಕು. ತೂಗುವವಳನ್ನು ತೂಕದಾಕೆ ಎನ್ನುತ್ತಾರೆ. ನನ್ನ ಅಜ್ಜಿ ತೂಕದಾಕೆಯಾಗಿದ್ದಳು, ಅವಳ ನಂತರ ನಾನು. ನಮ್ಮಲ್ಲಿ ಹುಡುಗಿಯನ್ನು ಹೊಗಳಬೇಕಾದರೆ ಅವಳ ಗಂಟು ಗರಿಯಂತಿದೆ ಎನ್ನುತ್ತಾರೆ, ಬೈಯಬೇಕಾದರೆ ಭಾರದವಳು ಎಂದರೆ ಸಾಕು. ಕಟಕ ರೊಟ್ಟಿಯನ್ನು ಬೆಳಕು ಕಾಣುವಷ್ಟು ತೆಳ್ಳಗೆ ಬಡಿಯುತ್ತೇವೆ. ಉತ್ತತ್ತಿಯ ಬೀಜ ತೆಗೆದೇ ಕಟ್ಟುತ್ತೇವೆ. ಮದುವೆಗೆ ಬಂದವರು ಚಮಚದ ಹಿಡಿಯಲ್ಲಿ ತೂತು ಕೊರೆಸಿ ಉಡುಗೊರೆ ಕೊಡುತ್ತಾರೆ. ನಿಮ್ಮ ಪಟ್ಟಿಯಲ್ಲಿ ಕಾಫಿಪುಡಿ ನಲವತ್ತು ಗ್ರಾಂ ಎಂದಿದೆ. ಕಾಫಿ ಎಂದರೇನೆಂದು ನೋಡಿದವರು ನಮ್ಮಲ್ಲಿ ಯಾರೂ ಇಲ್ಲ. ಆದರೂ ಪ್ರತಿ ಗಂಟಿನಲ್ಲೂ ಹುರಿದ ಜೋಳದ ಕರಿಪುಡಿಯನ್ನು ನಲವತ್ತು ಗ್ರಾಂ ತೂಗಿ ಕಟ್ಟುತ್ತಿದ್ದೆವು. ಅದನ್ನು ಏನು ಮಾಡಬೇಕೆಂದು ಗೊತ್ತಿಲ್ಲದೆ ಗುಡ್ಡ ಹತ್ತಿದ ಮೇಲೆ ಗಾಳಿಗೆ ತೂರುತ್ತಿದ್ದೆವು. ನಗಬೇಡಿ, ನಿಮ್ಮ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದೆವು.

ನೋಟ್‌ಬುಕ್ಕಿನಲ್ಲಿ ನಲವತ್ತೊಂದನೆಯ ಹಾಳೆ ಇರಲಿಲ್ಲ. ಬ್ಲೇಡಿನಿಂದ ಬುಡಕ್ಕೆ ಕತ್ತರಿಸಿದ ಗುರುತು ಮಾತ್ರ ಇತ್ತು. ಬ್ರಷ್ಷಿನ ಹಿಡಿ ಕತ್ತರಿಸಿದವರು, ಅಂಗಿಯ ಚೀಟಿ ಹರಿದವರು, ಬೇಡದ ಹಾಳೆಯನ್ನೂ ಭಾರವೆಂದು ಕತ್ತರಿಸಿರಬೇಕು ಎಂದು ನಮ್ಮ ಹಿರಿಯರು ತಿಳಿದರು. ಹಾಳೆಯೊಂದು ಎರಡು ಗ್ರಾಂ. ಎರಡು ಗ್ರಾಮನ್ನೂ ಬಿಡದ ತಾಯಿ ಎಂದು ಕೈ ಮುಗಿದರು. ಹನ್ನೆರಡು ತುಂಬಿದ ಮಕ್ಕಳಿಗೆ ಮೊದಲ ಗಂಟು ಕೊಡುವ ದಿನಕ್ಕೆ ನಾವು ಹಾಳೆಶಾಸ್ತ್ರ ಎನ್ನುತ್ತೇವೆ. ಅಂದು ಮಗು ತನಗೆ ಪ್ರೀತಿಯ ಒಂದು ವಸ್ತುವನ್ನು ಎಲ್ಲರ ಎದುರು ಕತ್ತರಿಸಿ ಬಿಡಬೇಕು. ನಾನು ನನ್ನ ಜಡೆ ಕತ್ತರಿಸಿದ್ದೆ. ನನ್ನ ತಂಗಿ ನಿಂಬೆವ್ವ ತನ್ನ ಗೊಂಬೆಯ ಕಾಲು ಕತ್ತರಿಸಿ, ಉಳಿದದ್ದನ್ನು ಗಂಟಿನಲ್ಲಿ ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದು, ಇಡೀ ಊರನ್ನು ನಗಿಸಿದ್ದಳು.

ಇನ್ನೊಂದು ಪದ್ಧತಿ ಹೇಳಬೇಕು. ಬಿಡಾರದ ಸಾಮಾನನ್ನು ಇಬ್ಬರು ಹಂಚಿಕೊಂಡರೆ ಹೊರೆ ಅರ್ಧವಾಗುತ್ತದೆ ಎಂದು ನೀವು ಬರೆದಿದ್ದಿರಿ. ಅದರಿಂದ ನಮ್ಮಲ್ಲಿ ಹೊರೆಗೆಳೆತನ ಹುಟ್ಟಿತು. ಒಂದೇ ಮನೆಯವರು ಹೊರೆಗೆಳೆಯರಾಗುವಂತಿಲ್ಲ, ಬೇರೆ ಮನೆಯವರೇ ಆಗಬೇಕು. ಒಬ್ಬರ ಬಳಿ ಬಟ್ಟೆ, ಇನ್ನೊಬ್ಬರ ಬಳಿ ಕೋಲು. ಒಬ್ಬರ ಬಳಿ ಪಾತ್ರೆ, ಇನ್ನೊಬ್ಬರ ಬಳಿ ಸೋಸುನಳಿಗೆ. ಒಬ್ಬರನ್ನು ಬಿಟ್ಟು ಒಬ್ಬರು ಒಂದು ರಾತ್ರಿಯೂ ಕಳೆಯಲಾಗದು, ಒಂದು ಗುಟುಕು ನೀರೂ ಕುಡಿಯಲಾಗದು. ನನ್ನ ಹೊರೆಗೆಳತಿ ಕಾಶವ್ವ. ಹದಿಮೂರನೇ ವಯಸ್ಸಿನಿಂದ ಅವಳ ಕೋಲಿನ ಮೇಲೆ ನನ್ನ ಬಟ್ಟೆ. ದೊಡ್ಡ ಬಾಯಿಯವಳು, ಕಾನೂನು ಕಂಡರೆ ಆಗದವಳು, ಗಂಟಿನ ತಳದಲ್ಲಿ ಯಾವಾಗಲೂ ಕದ್ದು ಬೆಲ್ಲ ಇಟ್ಟುಕೊಳ್ಳುವವಳು. ತೂಕದಾಕೆಯಾಗಿ ನಾನು ಅದನ್ನು ಪ್ರತಿ ಅಮಾವಾಸ್ಯೆಯೂ ತೆಗೆಸುತ್ತಿದ್ದೆ, ಗೆಳತಿಯಾಗಿ ದಾರಿಯಲ್ಲಿ ತಿನ್ನುತ್ತಿದ್ದೆ.

ಇನ್ನು ನಡೆಯಲಾರದವರ ಮಾತು. ನಲವತ್ತನೆಯ ಹಾಳೆಯ ಕೊನೆಯಲ್ಲಿ ನೀವು ಬರೆದ ಮಾತುಗಳನ್ನು ನಮ್ಮ ಮಕ್ಕಳು ಬಾಯಿಪಾಠ ಹೇಳುತ್ತಿದ್ದರು: "ನಡೆಯಲಾಗದವರು ಎತ್ತರದ ಜಾಗದಲ್ಲಿ ಮೂರು ದಿನದ ನೀರು, ಆಹಾರ, ಒಂದು ಸೀಟಿ ಇಟ್ಟುಕೊಂಡು ಕಾಯಬೇಕು. ಸಹಾಯ ಬರುತ್ತದೆ." ಅದರಂತೆ ಮುದುಕರನ್ನು, ಕಾಲಿಲ್ಲದವರನ್ನು, ಜ್ವರದಲ್ಲಿ ಬಿದ್ದವರನ್ನು ನಾವು ಮಾಳಿಗೆಯ ಮೇಲೆ ಕೂರಿಸಿ ಹೋಗುತ್ತಿದ್ದೆವು. ಬಿಟ್ಟುಹೋದೆವು ಎಂದು ಯಾರೂ ಅನ್ನುತ್ತಿರಲಿಲ್ಲ. ಅವರಿಗೆ ಊರು ಕಾಯುವವರು ಎಂದು ಹೆಸರಿಟ್ಟಿದ್ದೆವು. ಹಣೆಗೆ ಕುಂಕುಮ ಹಚ್ಚಿ, ಇದ್ದುದರಲ್ಲಿ ಒಳ್ಳೆಯ ಚಾದರ ಹೊದಿಸಿ, ಕಾಲಿಗೆ ಬಿದ್ದು ಹೊರಡುತ್ತಿದ್ದೆವು. ನೀರು ಅಂಗಳಕ್ಕೆ ಬಂದು, ಮೂರನೆಯ ದಿನ ಇಳಿದು ಹೋಗುತ್ತಿತ್ತು. ಆರು ಏಳುವಿಕೆಗಳಲ್ಲಿ ಹೆಚ್ಚಿನವರು ಬದುಕಿ ಸಿಕ್ಕರು. ಬದುಕದವರನ್ನು ವಯಸ್ಸಾಗಿತ್ತು ಎಂದು ಮಣ್ಣು ಮಾಡಿದೆವು. ಸಹಾಯ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಅದನ್ನು ನಾವು ಗಮನಿಸಲೇ ಇಲ್ಲ, ನೀರು ಇಳಿದದ್ದನ್ನೇ ಸಹಾಯವೆಂದು ತಿಳಿದೆವು.

ಏಳನೇ ಏಳುವಿಕೆಯ ಮುಂಚಿನ ವರ್ಷ ನಿಂಬೆವ್ವ ಬೇವಿನ ಮರದಿಂದ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆಗ ಅವಳಿಗೆ ಇಪ್ಪತ್ತಾರು. ಎಲುಬು ಕೂಡಿತು, ಸರಿಯಾಗಿ ಕೂಡಲಿಲ್ಲ. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಿದ್ದಳು, ಬಾವಿಯವರೆಗೆ ಹೋಗಿ ಬಂದರೆ ಬೆವರುತ್ತಿದ್ದಳು. ಅವ್ವ ಸತ್ತಮೇಲೆ ಅವಳನ್ನು ಬೆಳೆಸಿದವಳು ನಾನು. ನನಗೆ ಮಕ್ಕಳಿಲ್ಲ, ಅವಳೇ ಮಗಳು. ತೂಕದ ದಿನ ಊರು ಕಾಯುವವರನ್ನೂ ತೂಗುವ ಪದ್ಧತಿ ಇದೆ, ಅವರಿಗೆ ಎಷ್ಟು ನೀರು ಇಡಬೇಕೆಂದು ಗೊತ್ತಾಗಲು. ಕೊಕ್ಕೆಗೆ ಜೋಳಿಗೆ ಕಟ್ಟಿ ಅವಳನ್ನು ಕೂರಿಸಿದೆ. ಮೂವತ್ತೊಂಬತ್ತು ಕಿಲೋ ಬಂತು. ಜೋಳಿಗೆಯಲ್ಲಿ ತೂಗಾಡುತ್ತಲೇ ಅವಳು ನನ್ನನ್ನು ಕಾಡಿಸಿದಳು.

"ಅಕ್ಕಾ, ಎಷ್ಟ ಬಂತು? ಭಾಳ ಹಗುರಾಗೇನೇನು? ಹಂಗಿದ್ರ ನನ್ನೂ ಗಂಟಿನಾಗ ಹಾಕ್ಕೊಂಡ ಹೋಗವಾ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಒಂಬತ್ತು ಲೀಟರು ನೀರು ಎಂದು ಗೋಡೆಯ ಮೇಲೆ ಬರೆದೆ.

ಕೊಂಬು ಕೂಗಿದ್ದು ಒಂದು ಬೆಳಿಗ್ಗೆ, ರೊಟ್ಟಿ ಬಡಿಯುವ ಹೊತ್ತಿಗೆ. ಮುಕ್ಕಾಲು ಗಂಟೆಯಲ್ಲಿ ಊರು ಸಿದ್ಧವಾಯಿತು. ನಮ್ಮಷ್ಟು ಬೇಗ ಮನೆ ಬಿಡುವವರು ಲೋಕದಲ್ಲಿ ಇನ್ನಾರೂ ಇರಲಾರರು, ಅದರಲ್ಲಿ ನಮಗೆ ಹೆಮ್ಮೆಯೂ ಇತ್ತು. ನಾನು ನಿಂಬೆವ್ವನನ್ನು ಮಾಳಿಗೆಗೆ ಹತ್ತಿಸಿ, ನೀರಿನ ಚೀಲಗಳನ್ನು ನೆರಳಿಗಿಟ್ಟು, ರೊಟ್ಟಿಯ ಗಂಟನ್ನು ಕೈಗೆಟುಕುವಲ್ಲಿಟ್ಟು, ಸೀಟಿಯನ್ನು ಕೊರಳಿಗೆ ಕಟ್ಟುತ್ತಿದ್ದೆ. ಆಗ ಕಾಶವ್ವ ಏಣಿ ಹತ್ತಿ ಬಂದಳು. ಬೆನ್ನ ಮೇಲೆ ಗಂಟಿತ್ತು, ಕೈಯಲ್ಲಿ ಎರಡೂ ಕೋಲು.

"ಸಾವಂತ್ರಿ, ನಾವಿಬ್ರೂ ಗಟ್ಟಿ ಅದೀವಿ. ಪಾಳಿ ಮ್ಯಾಲ ಹೊತಗೊಂಡ ಹೋಗೂಣು. ಇಕಿ ಏನ್ ಕಲ್ಲಲ್ಲ, ಗುಂಡಲ್ಲ."

"ಹೊತ್ತಿಗ್ಯಾಗ ಇಲ್ಲ, ಕಾಶಿ. ತೂಕದಾಕಿ ನಾನ ಮುರದ್ರ ನಾಳೆ ಯಾರು ಕೇಳ್ತಾರ? ಎಲ್ಲಾರೂ ಹೊರಾಕ ನಿಂತ್ರ ಎಲ್ಲಾರೂ ಹಾದ್ಯಾಗ ಉಳೀತೇವಿ."

"ಹೊತ್ತಿಗಿ ಬರದಾಕಿಗೆ ತಂಗಿ ಇರಲಿಲ್ಲೇನು?"

ಕಾಶವ್ವನ ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಆದರೆ ಅಂದು ನನಗೆ ಸಿಟ್ಟು ಬಂತು. ಹೇಗೆ ಹೊರುವುದು, ಮೂವತ್ತೊಂಬತ್ತು ಕಿಲೋ, ಮೂರು ದಿನ, ಕೆಸರು, ಬೆನ್ನ ಮೇಲೆ ಕೂಸುಮರಿ ಮಾಡಿಕೊಂಡರೆ ಅರ್ಧ ಹರಿದಾರಿಗೆ ಉಸಿರು ಕಟ್ಟುತ್ತದೆ ಎಂದು ಲೆಕ್ಕ ಹೇಳಿದೆ. ಲೆಕ್ಕ ತಪ್ಪಿರಲಿಲ್ಲ. ಕಾಶವ್ವನಿಗೂ ಬೇರೆ ದಾರಿ ತಿಳಿದಿರಲಿಲ್ಲ. ನಮ್ಮಿಬ್ಬರ ಜಗಳ ಬಿಡಿಸಿದವಳು ನಿಂಬೆವ್ವನೇ.

"ಹೋಗಕ್ಕಾ, ಮೂರ ದಿನ ಅಲ್ಲೇನು? ನಾ ಕುಂತು ಊರ ಕಾಯ್ತೇನಿ. ನೀ ಬಂದಮ್ಯಾಲ ಒಂದ ಬಿಸಿ ರೊಟ್ಟಿ ಹಾಕ್ಕೊಡು, ಸಾಕು."

ನಾನು ಅವಳ ಕಾಲಿಗೆ ಬಿದ್ದೆ. ಅದು ಪದ್ಧತಿ. ಅಕ್ಕ ತಂಗಿಯ ಕಾಲಿಗೆ ಬಿದ್ದದ್ದಕ್ಕೆ ಅವಳು ಬಾಯಿ ಮುಚ್ಚಿಕೊಂಡು ನಕ್ಕಳು.

ನಿಮ್ಮ ನೋಟ್‌ಬುಕ್ಕಿನಂತೆ ಮೂರು ಸಲ ಸೀಟಿ ಊದಿದರೆ ಆಪತ್ತು, ಒಂದು ಸಲ ಊದಿದರೆ ಎಲ್ಲ ಸರಿ ಇದೆ ಎಂದರ್ಥ. ಊರ ಹೊರಗಿನ ತಿರುವು ದಾಟುವಾಗ ಹಿಂದಿನಿಂದ ಸೀಟಿ ಕೇಳಿತು. ಒಂದೇ ಸಲ, ಉದ್ದಕ್ಕೆ. ನಾನು ಹಿಂದೆ ನೋಡದೆ ನಡೆದೆ. ತೂಕದಾಕೆ ಎಲ್ಲರಿಗಿಂತ ಮುಂದಿರಬೇಕು. ನನ್ನ ಗಂಟಿನಲ್ಲಿ ಎಲ್ಲರಿಗಿಂತ ಇನ್ನೂರು ಗ್ರಾಂ ಹೆಚ್ಚಿತ್ತು, ಏಕೆಂದರೆ ಹೊತ್ತಿಗೆಯನ್ನು ಹೊರುವ ಮರ್ಯಾದೆ ತೂಕದಾಕೆಯದು.

ಎರಡನೆಯ ದಿನ ಮಧ್ಯಾಹ್ನ ಮೇಲಿನ ಕಟ್ಟೆ ಒಡೆಯಿತು. ಒಡೆದ ಸದ್ದು ನಮಗೆ ಕೇಳಲಿಲ್ಲ, ಕಾಲ ಕೆಳಗಿನ ನೆಲ ಸ್ವಲ್ಪ ಹೊತ್ತು ನಡುಗಿತು. ಮೂರನೆಯ ದಿನ ಗುಡ್ಡದ ಮೇಲೆ ನಿಂತು ನೋಡಿದಾಗ ಹೊಳೆ ಎಲ್ಲಿದೆ, ಹೊಲ ಎಲ್ಲಿದೆ ಎಂದು ತಿಳಿಯಲಿಲ್ಲ. ಕಣ್ಣು ಹೋದಷ್ಟು ದೂರ ಕೆಂಪು ನೀರು. ಅದು ಮೂರು ದಿನಕ್ಕೆ ಇಳಿಯಲಿಲ್ಲ, ಹನ್ನೊಂದು ದಿನ ನಿಂತಿತು. ಮಣ್ಣಿನ ಮಾಳಿಗೆಗಳು ಒಂದೂ ಉಳಿಯಲಿಲ್ಲ. ಊರು ಕಾಯಲು ಕೂತವರು ಒಂಬತ್ತು ಜನ. ಒಬ್ಬರ ಮೈಯೂ ನಮಗೆ ಸಿಗಲಿಲ್ಲ. ನಿಂಬೆವ್ವ ಎಷ್ಟು ಸಲ ಸೀಟಿ ಊದಿದಳೋ ನನಗೆ ಗೊತ್ತಿಲ್ಲ. ಸಹಾಯ ಬರುತ್ತದೆ ಎಂದು ದಿಕ್ಕು ನೋಡುತ್ತ ಕೂತಿದ್ದಿರಬೇಕು, ನಮ್ಮ ಮನೆಯಲ್ಲಿ ಆ ಸಾಲನ್ನು ಅವಳಿಗೆ ಬಾಯಿಪಾಠ ಮಾಡಿಸಿದವಳು ನಾನು.

ನಾಲ್ಕನೆಯ ದಿನ ಬಿಸಿಲು ಬಂತು. ನೆನೆದ ಸಾಮಾನನ್ನೆಲ್ಲ ಬಂಡೆಯ ಮೇಲೆ ಹರಡುತ್ತ ನೋಟ್‌ಬುಕ್ಕನ್ನೂ ಒಣಗಲು ಇಟ್ಟೆ. ರಟ್ಟಿನ ಬಟ್ಟೆಗೆ ಹಚ್ಚಿದ ಅಂಟು ನೂರಾ ಎಂಬತ್ತು ವರ್ಷ ಹಿಡಿದಿದ್ದು ಅಂದು ಬಿಟ್ಟುಕೊಂಡಿತು. ಬಟ್ಟೆಗೂ ರಟ್ಟಿಗೂ ನಡುವೆ, ನಾಲ್ಕಾಗಿ ಮಡಚಿದ ಒಂದು ಹಾಳೆ ಇತ್ತು. ಮೇಲಿನ ಮೂಲೆಯಲ್ಲಿ ನಲವತ್ತೊಂದು ಎಂದು ನಿಮ್ಮ ಕೈಬರಹ.

ಮುತ್ತಜ್ಜಿ, ಅದನ್ನು ನೀವು ಇನ್ನೂ ಬರೆದಿಲ್ಲ. ಬರೆಯುವಿರಿ. ಆದ್ದರಿಂದ ನಿಮ್ಮ ಮಾತನ್ನು ನಿಮಗೇ ಓದಿ ಹೇಳುತ್ತೇನೆ.

"ನೀರು ಬರುತ್ತದೆಂದು ಮೈಕಿನಲ್ಲಿ ಕೂಗಿದಾಗ ನನ್ನ ಚೀಲ ಸಿದ್ಧವಿತ್ತು. ನಾಲ್ಕು ಕಿಲೋ ಇನ್ನೂರು ಗ್ರಾಂ. ಮನೆಯಲ್ಲಿದ್ದ ನನ್ನ ಅವ್ವನ ತಂಗಿ, ಚಿಗವ್ವ, ಮೊಣಕಾಲಿನಿಂದ ಏಳಲಾರಳು. ಅವಳನ್ನು ಅಟ್ಟದ ಮೇಲೆ ಕೂರಿಸಿ, ನೀರು, ಬಿಸ್ಕತ್ತು, ಸೀಟಿ ಕೊಟ್ಟು, ದೋಣಿ ಕಳಿಸುತ್ತೇನೆ ಎಂದು ಹೇಳಿ ಹೊರಟೆ. ಪಕ್ಕದ ಮನೆಯ ಹುಡುಗಿ ನನ್ನ ಜೊತೆಗೇ ಬಂದಳು. ಅವಳ ಬೆನ್ನ ಮೇಲೂ ಚೀಲವಿತ್ತು. ದೋಣಿ ಐದನೆಯ ದಿನ ಹೋಯಿತು. ಆಮೇಲೆ ಗೊತ್ತಾಯಿತು, ಇಬ್ಬರು ಚೀಲ ಬೆನ್ನಿಗೆ ಹಾಕಿಕೊಂಡು ಪಕ್ಕಪಕ್ಕ ನಿಂತು, ಹೆಗಲಪಟ್ಟಿಗಳ ಬುಡದಲ್ಲಿ ಎರಡು ನಡೆಕೋಲನ್ನು ಅಡ್ಡ ತೂರಿಸಿ, ಅದರ ಮೇಲೆ ಮೇಲುಬಟ್ಟೆ ಸುತ್ತಿದರೆ ನಡುವೆ ಒಬ್ಬರು ಕೂರಬಹುದು. ಅವರ ಎರಡು ಕೈ ಇಬ್ಬರ ಹೆಗಲ ಮೇಲೆ. ಭಾರವೆಲ್ಲ ಚೀಲದ ಪಟ್ಟಿಗೆ ಬೀಳುತ್ತದೆ, ಕೈ ಖಾಲಿ ಇರುತ್ತದೆ. ಹೊಸ ಸಾಮಾನು ಏನೂ ಬೇಡ, ಎಲ್ಲ ನಮ್ಮಿಬ್ಬರ ಬಳಿ ಇತ್ತು. ಚಿಗವ್ವನ ತೂಕ ಎಷ್ಟೆಂದು ನನಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ನಾನು ತೂಗದೆ ಬಿಟ್ಟದ್ದು ಅವಳೊಬ್ಬಳನ್ನೇ. ಈ ಹಾಳೆಯನ್ನು ಹರಿಯಲು ಕೈ ಬರಲಿಲ್ಲ, ಇರಲು ಬಿಡುವ ಧೈರ್ಯವೂ ಆಗಲಿಲ್ಲ."

ಇಷ್ಟೇ. ಓದಿ ನಾನು ಬಂಡೆಯ ಮೇಲೆ ಕೂತುಬಿಟ್ಟೆ. ಆಮೇಲೆ ಎಲ್ಲರನ್ನೂ ಕರೆದು ಗಟ್ಟಿಯಾಗಿ ಓದಿದೆ. ಊರಿನ ಹಿರಿಯ ಗುರುಸಿದ್ದಪ್ಪಜ್ಜ ನನ್ನ ಕೈ ಹಿಡಿದುಕೊಂಡು, "ಇದ್ದಲ್ಲೇ ಇಟ್ಟಬಿಡವಾ, ಒಂಬತ್ತ ಮನಿಯವರು ಹೆಂಗ ಬದುಕ್ಯಾರು" ಎಂದ. ಅವನ ಹೆಂಡತಿಯೂ ಆ ಒಂಬತ್ತರಲ್ಲಿ ಒಬ್ಬಳು. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇನ್ನೊಮ್ಮೆ ಬಚ್ಚಿಡಲು ನನ್ನಿಂದ ಆಗಲಿಲ್ಲ.

ಕಾಶವ್ವ ತನ್ನ ಚೀಲ ಬೆನ್ನಿಗೆ ಹಾಕಿಕೊಂಡು, ನನ್ನನ್ನು ಎಬ್ಬಿಸಿ ನನ್ನ ಚೀಲವನ್ನೂ ಹಾಕಿಸಿ, ಪಟ್ಟಿಗಳ ಬುಡಕ್ಕೆ ಕೋಲು ತೂರಿಸಿದಳು. ಮೇಲುಬಟ್ಟೆ ಸುತ್ತಿದಳು. ಅರವತ್ತು ಕಿಲೋ ತೂಗುವ ತನ್ನ ಗಂಡನನ್ನು ನಡುವೆ ಕೂರಿಸಿದಳು. ಬೀಡಿನ ಸುತ್ತ ಎರಡು ಸುತ್ತು ಬಂದೆವು. ಕೋಲು ಸ್ವಲ್ಪ ಬಾಗಿತು, ಮುರಿಯಲಿಲ್ಲ. ಉಸಿರು ಹತ್ತಿತು, ಕಟ್ಟಲಿಲ್ಲ. ಎರಡು ಗಂಟೆ ನಡೆದು, ಇನ್ನೊಂದು ಜೋಡಿಗೆ ಕೊಟ್ಟು, ಹೀಗೆ ಪಾಳಿಯಲ್ಲಿ ಹೊತ್ತರೆ ಮೂರು ದಿನದಲ್ಲಿ ಒಂಬತ್ತು ಜನರನ್ನೂ ತರಬಹುದಿತ್ತು. ನಮ್ಮಲ್ಲಿ ಎಪ್ಪತ್ತು ಜೋಡಿ ಇದ್ದವು.

"ಇಷ್ಟ ಇತ್ತೇನು?" ಎಂದಳು ಕಾಶವ್ವ. ಕೋಲು ಕಳಚಿ ನನ್ನ ಬಿಡಾರದ ಬಾಗಿಲಿಗೆ ಒರಗಿಸಿ ಹೋದಳು. ಹೊರೆಗೆಳೆತನ ಮುರಿಯುವುದು ಹಾಗೆ. ಇಪ್ಪತ್ತೆಂಟು ವರ್ಷದ ಗೆಳತಿ ಎರಡು ವರ್ಷದಿಂದ ನನ್ನೊಡನೆ ಮಾತಾಡಿಲ್ಲ. ಅವಳು ಮಾಡಿದ್ದು ಸರಿ. ಅವಳಿಗೆ ದಾರಿ ತಿಳಿಯದಿದ್ದರೂ ಮನಸ್ಸಿತ್ತು, ನನಗೆ ಲೆಕ್ಕ ಮಾತ್ರ ಇತ್ತು. ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟಿ ನಾನು ಪಾರಾಗಲು ನೋಡುತ್ತಿಲ್ಲ. ನಾನೂ ನಿಂಬೆವ್ವನಿಗೆ ಮೋಸ ಮಾಡಿದೆ, ಅದನ್ನು ಹೊತ್ತುಕೊಂಡೇ ಸಾಯುತ್ತೇನೆ.

ಆದರೆ ನಿಮ್ಮ ಪಾಲನ್ನು ನೀವು ಕೇಳಿಸಿಕೊಳ್ಳಲೇಬೇಕು. ನೀವು ಚಿಗವ್ವನನ್ನು ಬಿಟ್ಟು ಬಂದದ್ದಕ್ಕೆ ನನಗೆ ಇಷ್ಟು ಸಿಟ್ಟಿಲ್ಲ. ಹೆದರಿಕೆಯಲ್ಲಿ ಮನುಷ್ಯರು ಏನೇನೋ ಮಾಡುತ್ತಾರೆ. ಬಂದಮೇಲೆ ನಿಮ್ಮ ಹತ್ತಿರ ಪೆನ್ನಿತ್ತು, ನಲವತ್ತನೆಯ ಹಾಳೆ ಎದುರಿಗೇ ಇತ್ತು. ಸಹಾಯ ಬರುತ್ತದೆ ಎಂಬ ಎರಡು ಮಾತು ಸುಳ್ಳೆಂದು ಆ ಹೊತ್ತಿಗೆ ಲೋಕದಲ್ಲಿ ನಿಮ್ಮಷ್ಟು ಚೆನ್ನಾಗಿ ತಿಳಿದವರು ಇನ್ನಾರೂ ಇರಲಿಲ್ಲ. ನೀವು ಅದನ್ನು ಹೊಡೆದು ಹಾಕಲಿಲ್ಲ. ನಿಜದ ಹಾಳೆಯನ್ನು ಕತ್ತರಿಸಿ, ಸುಳ್ಳಿನ ಹಾಳೆಯನ್ನು ನಮಗೆ ಬಿಟ್ಟಿರಿ. ಮುಖ ಉಳಿಸಿಕೊಂಡಿರಿ. ಆ ಮುಖಕ್ಕೆ ನಾವು ತಲೆಮಾರುಗಟ್ಟಲೆ ಕೈ ಮುಗಿದೆವು, ನಮ್ಮ ಮಕ್ಕಳ ಕೈಯಲ್ಲಿ ಕತ್ತರಿ ಕೊಟ್ಟು ಅದನ್ನೇ ಶಾಸ್ತ್ರ ಮಾಡಿಸಿದೆವು. ನನ್ನ ತಂಗಿಯನ್ನು ತರುವ ದಾರಿ ನನ್ನ ಬೆನ್ನ ಮೇಲೆಯೇ ಇತ್ತು, ಅವಳಿಂದ ದೂರ ದೂರ ನಡೆಯುತ್ತ ಅದನ್ನು ನಾನೇ ಹೊತ್ತು ತಂದೆ. ನಿಮ್ಮ ಹೆಸರನ್ನು ಮೊದಲಿನಂತೆ ಹೇಳಲು ನನ್ನ ನಾಲಿಗೆ ಏಳುವುದಿಲ್ಲ.

ಈಗ ಇಲ್ಲಿ ಅಮಾವಾಸ್ಯೆಯ ತೂಕ ನಿಂತಿದೆ. ನಾನು ತೂಕದಾಕೆಯಲ್ಲ, ಬೀಡಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತೇನೆ, ದಪ್ಪಗೆ. ಹೊಸಬರು ಜೋಡಿ ಕಟ್ಟಿ ಕೋಲುಕುರ್ಚಿ ಹೊರುವುದನ್ನು ಬಯಲಿನಲ್ಲಿ ಅಭ್ಯಾಸ ಮಾಡುತ್ತಾರೆ. ಅವರು ನಗುವುದು ಒಲೆಯ ಹತ್ತಿರಕ್ಕೆ ಕೇಳಿಸುತ್ತದೆ. ಮತ್ತೆ ಏಳಬೇಕಾಗಿ ಬಂದರೆ ಯಾರೂ ಊರು ಕಾಯುವುದಿಲ್ಲ.

ಇದನ್ನು ಓದಿ ನೀವು ಚಿಗವ್ವನನ್ನು ಹೊತ್ತು ತಂದು, ಹೊರುವ ಬಗೆಯನ್ನು ಬಚ್ಚಿಡದೆ ಬರೆದಿಟ್ಟರೆ ಹೊತ್ತಿಗೆ ಬದಲಾಗುತ್ತದೆ, ಹೊತ್ತಿಗೆ ಬದಲಾದರೆ ನಾನು ಈ ಕಾಗದ ಬರೆಯುವುದೇ ಇಲ್ಲ ಎಂದು ಟಪಾಲು ಕಚೇರಿಯವರು ಎಚ್ಚರಿಸಿದರು. ಒಂದು ಜನ್ಮಕ್ಕೆ ಒಂದೇ ಕಾಗದ, ಹಾಳಾಗಬಹುದು, ಯೋಚನೆ ಮಾಡಿ ಎಂದರು. ಹಾಳಾಗಲಿ. ಬರೆಯುವ ಅಗತ್ಯವಿಲ್ಲದ ಸಾವಂತ್ರೆವ್ವ ಎಲ್ಲೋ ಒಬ್ಬಳು ತಂಗಿಯೊಡನೆ ಜಗಳವಾಡುತ್ತ ಇರಲಿ.

ನಿಮ್ಮ ಚಿಗವ್ವ ಈಗ ಪಕ್ಕದ ಕೋಣೆಯಲ್ಲಿದ್ದಾರೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಲೋ, ನಿಮ್ಮನ್ನು ಚಹಾಕ್ಕೆ ಕೂಗುತ್ತಲೋ ಇರಬಹುದು. ಅವರಿಗೆ ಇದನ್ನೆಲ್ಲ ಹೇಳಬೇಡಿ, ಹೆದರಿಯಾರು. ಕಾಗದವನ್ನು ಕೆಳಗಿಡಿ. ಎದ್ದು ಹೋಗಿ, ಅವರನ್ನು ಒಮ್ಮೆ ಎತ್ತಿ ನೋಡಿ.

ಬೇಡವೆಂದರೂ ನಿಮ್ಮವಳೇ ಆದ,
ಸಾವಂತ್ರೆವ್ವ